ಬೆಳಕಿನಕ್ಕನಿಗೆ ಅಣ್ಣ ಕೊಟ್ಟ ಮಾಂಸ

ಸಗಟು ಮಾಂಸದ ಮಾರುಕಟ್ಟೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕೈಗಾಡಿ ತಳ್ಳುವವರಿಂದ ಹಿಡಿದು ಅಂಗಡಿಗಳ ಯಜಮಾನರವರೆಗೆ ಎಲ್ಲರಿಗೂ ಅವಳು ಬೆಳಕಿನಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ನಗು ಬರುತ್ತಿತ್ತು, ಆಮೇಲೆ ಅಭ್ಯಾಸವಾಗಿ ಹೋಯಿತು.

ಮಾರುಕಟ್ಟೆಯ ಹಿಂಬದಿಯ ಪರೀಕ್ಷಾ ಕೋಣೆಯಲ್ಲಿ ಅವಳದೂ ನನ್ನದೂ ಅಕ್ಕಪಕ್ಕದ ಮೇಜು. ಗೋಡೆಗೆಲ್ಲ ಬಿಳಿ ಟೈಲ್ಸು, ನೆಲದ ನಡುವೆ ನೀರು ಹರಿದುಹೋಗುವ ಜಾಲರಿ, ವರ್ಷವಿಡೀ ಸ್ವೆಟರು ಬಿಚ್ಚಲಾಗದಂಥ ಚಳಿ. ಅವಳ ಕೈಯಲ್ಲಿ ಕೂದಲು ಒಣಗಿಸುವ ಯಂತ್ರದಂಥ ಒಂದು ಸಲಕರಣೆ. ಅದರ ವೈರು ಕಂಪ್ಯೂಟರಿಗೆ ಹೋಗುತ್ತಿತ್ತು. ದನದ ಮಾಂಸದ ತುಂಡಿಗೆ ಅದನ್ನು ಹಿಡಿದು ಗುಂಡಿ ಒತ್ತಿದರೆ ಬೆಳಕು ಬೀಳುತ್ತದೆ. ಕೊಬ್ಬು, ನೀರು, ನಾರು ಒಂದೊಂದೂ ಆ ಬೆಳಕಿನಲ್ಲಿ ತನ್ನ ಪಾಲನ್ನು ನುಂಗಿಕೊಂಡು ಉಳಿದದ್ದನ್ನು ವಾಪಸು ಕಳಿಸುತ್ತದೆ. ವಾಪಸು ಬಂದ ಬೆಳಕನ್ನು ನೋಡಿ ಯಂತ್ರ ಹೇಳುತ್ತದೆ: ಇದು ಹುಲ್ಲುಗಾವಲಿನಲ್ಲಿ ಮೇಯ್ದ ಎಳೆಯ ಹೋರಿ, ಇದು ಕೊಟ್ಟಿಗೆಯಲ್ಲಿ ಕಾಳು ತಿಂದು ಬೆಳೆದದ್ದು, ಇದು ಹಾಲು ಬತ್ತಿದ ಮುದಿ ಹಸು, ಇದು ಫ್ರೀಜರಿನಲ್ಲಿಟ್ಟು ಕರಗಿಸಿದ್ದು. ಅವಳು ಹೇಳುತ್ತಿದ್ದಳು, ನಾನು ಸೀಲು ಹಾಕುತ್ತಿದ್ದೆ. ಎಳೆಯ ಹೋರಿಗೆ ಹಸಿರು ಸೀಲು. ಊರಿನ ದೊಡ್ಡ ಹೋಟೆಲುಗಳು ಮುಗಿಬೀಳುತ್ತಿದ್ದದ್ದು ಅದಕ್ಕೇ. ಹೇಳಿಕೊಂಡದ್ದು ಒಂದು, ಇರುವುದು ಇನ್ನೊಂದು ಆಗಿದ್ದರೆ ಕೆಂಪು.

ಅವಳು ಹುಟ್ಟಿದ್ದೇ ಮಾಂಸದಂಗಡಿಯ ಹಿಂದಿನ ಕೋಣೆಯಲ್ಲಿ. ಅಪ್ಪ ತೀರಿಕೊಂಡಾಗ ಅವಳಿನ್ನೂ ಅಕ್ಷರ ತಿದ್ದುವ ವಯಸ್ಸಿನವಳು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಮೀಸೆ ಚಿಗುರುತ್ತಿದ್ದ ಅಣ್ಣ ಶಾಲೆ ಬಿಟ್ಟು ಅಪ್ಪನ ಏಪ್ರನ್ನು ಕಟ್ಟಿಕೊಂಡು ಅಂಗಡಿಯಲ್ಲಿ ನಿಂತ. ಬೆಳಗ್ಗೆ ಮಾಂಸ ಕತ್ತರಿಸಿ, ಕೈ ತೊಳೆದು ಬಂದು ತಂಗಿಗೆ ಜಡೆ ಹಾಕುತ್ತಿದ್ದನಂತೆ. ಒಂದು ಜಡೆ ಮೇಲೆ, ಒಂದು ಕೆಳಗೆ. "ಶಾಲೆಯಲ್ಲಿ ಎಲ್ರೂ ನಗ್ತಿದ್ರು. ನಾನು ಮಾತ್ರ ಬಿಚ್ಚೋಕೆ ಬಿಡ್ತಿರಲಿಲ್ಲ" ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಅವಳು ಕಾಲೇಜು ಓದಿ ಈ ಕೆಲಸಕ್ಕೆ ಸೇರಿದ ದಿನ ಅಣ್ಣ ಮಾರುಕಟ್ಟೆಯ ತುಂಬ ಸಿಹಿ ಹಂಚಿದ್ದ. ಆ ಹೊತ್ತಿಗಾಗಲೇ ಅವನು ವ್ಯಾಪಾರಿಗಳ ಸಂಘದ ಮುಖಂಡ; ದೊಡ್ಡ ದೇಹ, ದೊಡ್ಡ ನಗು. ಬೇರೆಯವರ ಜಗಳ ಬಿಡಿಸುವುದರಲ್ಲಿ ಎತ್ತಿದ ಕೈ. ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು. ಅವಳಿಗೆ ಬರೀ ಅಣ್ಣ.

ಆ ಯಂತ್ರವನ್ನು ನಮ್ಮ ಕೋಣೆಗೆ ತಂದವರು ಸಂಶೋಧನಾ ಸಂಸ್ಥೆಯ ಮೇಡಂ. ಸಣ್ಣ ದನಿಯ, ಸದಾ ಅವಸರದ ಹೆಂಗಸು. ಮೊದಲ ದಿನವೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ಇದು ಈಗ ತಾನೇ ಹುಟ್ಟಿದ ಕೂಸು ಅಂದ್ಕೊಳ್ಳಿ. ಇದಕ್ಕೇನೂ ಗೊತ್ತಿಲ್ಲ. ನಾವು ತೋರಿಸಿ, ಇದು ಇಂಥದ್ದು ಅಂತ ಏನು ಹೇಳ್ತೀವೋ ಅದನ್ನೇ ಕಲಿಯುತ್ತೆ. ಹಾಗಾಗಿ ತೋರಿಸೋ ಮಾಂಸ ಯಾವ ದನದ್ದು ಅಂತ ನಮಗೆ ಖಚಿತವಾಗಿ ಗೊತ್ತಿರ್ಬೇಕು."

ಕೂಸಿಗೆ ಪಾಠ ಶುರುವಾಯಿತು. ಕಾಳು ತಿಂದ ದನದ ಮಾಂಸಕ್ಕೆ, ಕೊಟ್ಟಿಗೆಯ ಮುದಿ ಹಸುವಿನ ಮಾಂಸಕ್ಕೆ ಬೆಳಕಿನಕ್ಕ ತಾನೇ ಕಸಾಯಿಖಾನೆಗೆ ಹೋಗಿ, ಪ್ರಾಣಿಯನ್ನು ಕಣ್ಣಾರೆ ನೋಡಿ, ಎದುರಿಗೇ ಕುಯ್ಯಿಸಿಕೊಂಡು ತರುತ್ತಿದ್ದಳು. ತೊಡಕಾದದ್ದು ಹುಲ್ಲುಗಾವಲಿನ ಎಳೆ ಹೋರಿಗೆ. ಅವು ದೂರದ ಬೆಟ್ಟಗಳ ಕಡೆಯಿಂದ ಅಪರೂಪಕ್ಕೆ ಬರುತ್ತಿದ್ದವು, ಬಂದ ಕೂಡಲೇ ಖರ್ಚಾಗುತ್ತಿದ್ದವು.

"ನಾನಿಲ್ವೇನೇ?" ಎಂದ ಅಣ್ಣ. "ನನ್ನ ಹತ್ರ ಬರೋದ್ರಲ್ಲಿ ನಿನಗೆ ಬೇಕಾದಷ್ಟು ತೆಗೆದಿಡ್ತೀನಿ. ಅದಕ್ಯಾಕೆ ಬೆಟ್ಟ ಹತ್ತಿ ಇಳೀಬೇಕು?"

ಹೇಳಿದಂತೆಯೇ ಸ್ಟೀಲಿನ ಡಬ್ಬಿಯಲ್ಲಿ, ಮಂಜುಗಡ್ಡೆಯ ಮೇಲೆ, ಅಂಗೈಯಗಲದ ತುಂಡುಗಳನ್ನು ಅಚ್ಚುಕಟ್ಟಾಗಿ ಜೋಡಿಸಿ ತಂದುಕೊಡುತ್ತಿದ್ದ. ಕೊಬ್ಬು ನಸು ಹಳದಿ, ಹುಲ್ಲು ಮೇಯ್ದ ದನದ್ದು ಇರಬೇಕಾದ ಹಾಗೆಯೇ. ಅವಳು ಚಾಕು ಮುಟ್ಟುವ ಕೆಲಸವೇ ಇರಲಿಲ್ಲ. ತಟ್ಟೆಗಿಟ್ಟು ಬೆಳಕು ಹಾಯಿಸಿದರೆ ಮುಗಿಯಿತು. ಅಣ್ಣ ಬಾಗಿಲಲ್ಲಿ ನಿಂತು, "ನಿನ್ನ ಕೂಸು ಇವತ್ತೇನು ಕಲೀತು?" ಎಂದು ಕೇಳುತ್ತಿದ್ದ. ನಾವು ನಗುತ್ತಿದ್ದೆವು.

ಮೇಡಂ ಒಮ್ಮೆ ಕೇಳಿದ್ದುಂಟು. "ಈ ಹೋರಿಗಳನ್ನ ನೀವು ನೋಡಿದ್ದೀರಾ?"

"ನಮ್ಮಣ್ಣ ಕೊಟ್ಟಿದ್ದು ಮೇಡಂ" ಎಂದಳು ಅವಳು, ಅದೇ ಉತ್ತರ ಎಂಬಂತೆ. ಮೇಡಂಗೆ ಬಸ್ಸಿಗೆ ಹೊತ್ತಾಗಿತ್ತು. ತಲೆಯಾಡಿಸಿ ಹೊರಟುಬಿಟ್ಟರು.

ಪ್ರತಿ ಮಾದರಿಯ ಒಂದು ಚೂರನ್ನು, ಯಾವ ದನದ್ದೆಂದು ಚೀಟಿ ಅಂಟಿಸಿ, ಫ್ರೀಜರಿನಲ್ಲಿ ಕಾದಿಡಬೇಕೆಂಬುದು ಮೇಡಂ ಮಾಡಿದ್ದ ನಿಯಮ. ಅದನ್ನೂ ಮಾಡಿದೆವು. ಆಮೇಲೆ ಯಂತ್ರವನ್ನು ನಿಜವಾದ ಕೆಲಸಕ್ಕೆ ಹಚ್ಚಿದೆವು. ಮಾರುಕಟ್ಟೆಯ ತುಂಬ ಅದೇ ಸುದ್ದಿ. ದೊಡ್ಡಣ್ಣನ ಅಂಗಡಿಯ ಮಾಂಸಕ್ಕೆ ದಿನವೂ ಹಸಿರು ಸೀಲು ಬೀಳುತ್ತಿತ್ತು. ಅವನು ಅಂಗಡಿಯ ಎದುರು ದೊಡ್ಡ ಹಸಿರು ಬೋರ್ಡು ಹಾಕಿಸಿದ.

ಕೆಂಪು ಸೀಲು ಹೆಚ್ಚಾಗಿ ಬಿದ್ದದ್ದು ಒಬ್ಬನಿಗೆ. ಬೆಟ್ಟದವನು ಎನ್ನುತ್ತಿದ್ದರು ಅವನನ್ನು. ಸ್ವಂತ ದನ ಸಾಕಿ, ತಾನೇ ತಂದು, ಮಾರುಕಟ್ಟೆಯ ಮೂಲೆಯ ಕಟ್ಟೆಯ ಮೇಲೆ ಮಾರುತ್ತಿದ್ದ ಒಣಕಲು ಮನುಷ್ಯ. ಎಳೆಯ ಹೋರಿ ಎಂದು ಅವನು ತಂದದ್ದಕ್ಕೆ ಯಂತ್ರ ಹೊಂದಿಕೆಯಾಗುತ್ತಿಲ್ಲ ಎಂದಿತು. ಇನ್ನೊಂದು ವಾರ ತಂದ, ಆಗಲೂ ಅದೇ.

"ಅಮ್ಮಾ, ನನ್ನ ದನ ಬೆಟ್ಟ ಬಿಟ್ಟು ಕೆಳಗಿಳಿಯೋದು ಇಲ್ಲಿಗೆ ಬರೋವಾಗ ಮಾತ್ರ" ಎಂದ ಅವನು.

"ನಾನು ಹೇಳ್ತಿಲ್ಲ, ಬೆಳಕು ಹೇಳ್ತಿದೆ" ಎಂದಳು ಬೆಳಕಿನಕ್ಕ. ಒರಟಾಗಿಯೇನೂ ಅಲ್ಲ. ಆದರೆ ಅವಳ ದನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ.

ಮೂರನೆಯ ಕೆಂಪು ಸೀಲಿಗೆ ಅವನ ಕಟ್ಟೆಯನ್ನು ಕಿತ್ತುಕೊಂಡರು. ಮಾರುಕಟ್ಟೆಯ ಬಾಗಿಲಲ್ಲಿ ಮೋಸಗಾರರ ಹೆಸರು ಬರೆಯುವ ಕರಿಹಲಗೆಯಲ್ಲಿ ಅವನ ಹೆಸರು ಬಿತ್ತು. ಹಳೆಯ ಗಿರಾಕಿಗಳು ಅವನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಅವನು ಕೊನೆಗೊಮ್ಮೆ ನಮ್ಮ ಕೋಣೆಗೆ ಬಂದ. ಕೂಗಾಡಲಿಲ್ಲ. ಟೋಪಿ ಕೈಯಲ್ಲಿ ಹಿಡಿದು, "ಬಂದು ನೋಡಿ. ಅಷ್ಟೇ ನಾನು ಕೇಳೋದು" ಎಂದು ಹೇಳಿ ಹೋದ.

ಅಣ್ಣ ಅಲ್ಲೇ ಇದ್ದ. "ಸಿಕ್ಕಿಬಿದ್ದವರೆಲ್ಲ ಹೀಗೇ. ನೀನು ಕರಗಬೇಡ" ಎಂದ.

ಅವಳು ಕರಗಲಿಲ್ಲ. ಆದರೆ ಆ ಮಾತು ಅವಳನ್ನು ಕೊರೆಯುತ್ತಿತ್ತು. ಮೋಸ ಮಾಡಿದವನು ಜಗಳ ತೆಗೀತಾನೆ, ಇಲ್ಲ ಕಾಲು ಹಿಡೀತಾನೆ. ಬಂದು ನೋಡಿ ಅಂತ ಯಾಕೆ ಕರೀತಾನೆ ಎಂದು ನನ್ನನ್ನು ಕೇಳಿದಳು. ರಜೆಯ ದಿನ ನನ್ನನ್ನೂ ಎಳೆದುಕೊಂಡು ಹೊರಟಳು. ಅಣ್ಣನಿಗೆ ಹೇಳಲಿಲ್ಲ. ಅದೇಕೆ ಹೇಳಲಿಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಬಸ್ಸಿಳಿದು ಏರು ಹತ್ತಿದರೆ ಕಲ್ಲಿನ ಬೇಲಿ, ಅದರಾಚೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಎಳೆಯ ಹೋರಿಗಳು ಬಾಲ ಬೀಸುತ್ತ ಮೇಯುತ್ತಿದ್ದವು. ಕಾಳಿನ ಚೀಲವಿಲ್ಲ, ಕೊಟ್ಟಿಗೆಯಲ್ಲಿ ತಿನಿಸಿನ ತೊಟ್ಟಿಯಿಲ್ಲ. ಅವಳು ಒಂದು ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡಿದಳು. ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ. ಬೆಟ್ಟದವನು ಹೋರಿಯ ಕೊರಳು ಹಿಡಿದು ನಿಂತಿದ್ದ. ಅದೇ ಹೋರಿಯನ್ನು ಅವನು ಕಸಾಯಿಖಾನೆಗೆ ತಂದ ದಿನ ಅವಳು ಕೊನೆಯವರೆಗೂ ಅಲ್ಲಿಂದ ಕದಲಲಿಲ್ಲ. ತುಂಡನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ತಂದಳು.

ಬೆಳಕು ಹಾಯಿಸಿದಳು. ಹೊಂದಿಕೆಯಾಗುತ್ತಿಲ್ಲ.

ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸುತ್ತ ಕೂತುಬಿಟ್ಟಳು. ಆಮೇಲೆ ಎದ್ದು ಫ್ರೀಜರು ತೆರೆದಳು. ಯಂತ್ರಕ್ಕೆ ಎಳೆ ಹೋರಿ ಎಂದರೆ ಇದು ಎಂದು ಕಲಿಸಿದ್ದ ಚೂರುಗಳನ್ನು, ಅಂದರೆ ಅಣ್ಣ ಕೊಟ್ಟವನ್ನು, ಹೊರತೆಗೆದು ಕರಗಲಿಟ್ಟಳು. ಮಾಂಸ ಮೆತ್ತಗಾದ ಮೇಲೆ ಚಾಕು ತೆಗೆದುಕೊಂಡು ಒಂದು ಚೂರನ್ನು ಅಡ್ಡಲಾಗಿ ಕುಯ್ದಳು. ಚಾಕು ಸರಾಗವಾಗಿ ಇಳಿಯಲಿಲ್ಲ. ಬಿಳಿಯ ನಾರು ಹುರಿಗೊಂಡು ಅಲಗಿಗೆ ಸಿಕ್ಕಿಕೊಂಡಿತು. ಅವಳು ಹುಟ್ಟಿ ಬೆಳೆದದ್ದು ಅಂಗಡಿಯಲ್ಲಿ. ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಎರಡನೆಯದನ್ನು ಕುಯ್ದಳು, ಮೂರನೆಯದನ್ನು ಕುಯ್ದಳು. ಎಲ್ಲ ಅದೇ.

"ಮುದಿ ಹಸು" ಎಂದಳು. "ಮುದಿಯಾದ್ರೂ ಹುಲ್ಲು ತಿಂದ ಹಸು, ಅದಕ್ಕೇ ಕೊಬ್ಬು ಹಳದಿ. ನೋಡಿದ್ರೆ ಗೊತ್ತಾಗಲ್ಲ. ಕುಯ್ದಿದ್ರೆ ಗೊತ್ತಾಗ್ತಿತ್ತು. ನಾನು ಒಂದನ್ನೂ ಕುಯ್ಲಿಲ್ಲ ಕಣೇ."

ನನಗೆ ಆಗಲೇ ಪೂರ್ತಿ ಅರ್ಥವಾದದ್ದು. ನಮ್ಮ ಕೂಸು ಹುಲ್ಲು ಮೇಯ್ದ ಮುದಿ ಹಸುವನ್ನೇ ಎಳೆ ಹೋರಿ ಎಂದು ಕಲಿತಿತ್ತು. ಹಾಗಾಗಿ ದೊಡ್ಡಣ್ಣನ ಮುದಿ ಹಸುವಿಗೆ ಹಸಿರು, ಬೆಟ್ಟದವನ ನಿಜವಾದ ಹೋರಿಗೆ ಕೆಂಪು. ಅವಳು ನಲ್ಲಿಯ ಕೆಳಗೆ ಕೈ ಹಿಡಿದಳು. ಕೈ ಸ್ವಚ್ಛವಾದ ಮೇಲೂ ನೀರು ನಿಲ್ಲಿಸಲಿಲ್ಲ. ಕೊನೆಗೆ ನಾನೇ ಹೋಗಿ ನಲ್ಲಿ ತಿರುಗಿಸಿದೆ.

ಮಧ್ಯಾಹ್ನ ಅಂಗಡಿಗಳು ಬಾಗಿಲು ಎಳೆದುಕೊಳ್ಳುವ ಹೊತ್ತಿಗೆ ಅಣ್ಣನ ಹತ್ತಿರ ಹೋದಳು. "ನೀನೂ ಬಾ. ಒಬ್ಬಳೇ ಹೋದ್ರೆ ಅವನು ಹೇಳಿದ್ದನ್ನ ಮತ್ತೆ ನಂಬ್ತೀನಿ" ಎಂದು ನನ್ನನ್ನೂ ಕರೆದಳು. ಅಣ್ಣ ಮಾಂಸ ಕೊಚ್ಚುವ ಮರದ ಕೊರಡನ್ನು ಉಪ್ಪು ಹಾಕಿ ಉಜ್ಜುತ್ತಿದ್ದ.

"ಅಣ್ಣಾ, ನೀನು ಕೊಟ್ಟಿದ್ದು ಎಳೆ ಹೋರಿ ಅಲ್ಲ."

ಅವನು ನಕ್ಕ. "ಯಾರು ಹೇಳಿದ್ದು, ನಿನ್ನ ಕೂಸಾ?"

"ನನ್ನ ಕೈಯಾರೆ ಕುಯ್ದು ನೋಡ್ದೆ."

ನಗು ನಿಂತಿತು. ಉಜ್ಜುವುದು ನಿಲ್ಲಲಿಲ್ಲ. "ಎಳೆ ಮಾಂಸ ಅಷ್ಟೊಂದು ಎಲ್ಲಿ ಸಿಗುತ್ತೇ? ಇದ್ದಿದ್ದನ್ನ ಕೊಟ್ಟೆ."

"ಇದ್ದಿದ್ದು ಇಂಥದ್ದು ಅಂತ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ತಗೋತಿದ್ಯಾ?"

"ಇಲ್ಲ."

"ಮತ್ತೆ?"

ಅವಳು ಕೊರಡಿನ ಇನ್ನೊಂದು ಬದಿಗೆ ಹೋಗಿ ಅವನಿಗೆ ಎದುರಾಗಿ ನಿಂತಳು. "ಆವತ್ತಿಂದ ನೀನು ಅದನ್ನೇ ಹಸಿರು ಸೀಲಲ್ಲಿ ಮಾರ್ತಿದ್ದೀಯ. ಕೊರತೆ ಬಿತ್ತು ಅಂತ ಕೊಟ್ಟಿದ್ದಲ್ಲ. ಯಂತ್ರ ಕಲೀಲಿ ಅಂತಾನೇ ಕೊಟ್ಟಿದ್ದು. ಮೊದಲೇ ಲೆಕ್ಕ ಹಾಕಿದ್ಯಾ ಅಣ್ಣಾ? ಮೇಡಂ ಯಂತ್ರ ತಂದಾಗಲೇ?"

ಅವನು ಬ್ರಷ್ಷು ಕೆಳಗಿಟ್ಟ. "ನಿನ್ನನ್ನ ಸಾಕಿದ್ದು ಯಾರೇ?" ಎಂದ.

ಅವಳ ಮುಖ ಕಪ್ಪಿಟ್ಟಿತು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. "ನೀನೇ" ಎಂದಳು. "ಅದಕ್ಕೇ ಅಲ್ವಾ ನಾನು ಕುಯ್ದು ನೋಡದೆ ಇದ್ದಿದ್ದು? ನಿನಗೂ ಅದು ಗೊತ್ತಿತ್ತು."

ನನಗೆ ಅಲ್ಲಿ ನಿಲ್ಲುವುದೋ ಹೊರಗೆ ಹೋಗುವುದೋ ತಿಳಿಯಲಿಲ್ಲ. ಕೊನೆಗೆ ಅವನೇ ಮೆತ್ತಗಾದ. ಕಣ್ಣಲ್ಲಿ ನೀರು ಕೂಡ ಬಂತು. ತಪ್ಪಾಯಿತು ಎಂದ. ನಾಳೆ ನಾನೇ ಬಂದು ಮಾರುಕಟ್ಟೆಯ ಅಧಿಕಾರಿಯ ಮುಂದೆ ಹೇಳುತ್ತೇನೆ, ನೀನು ಹೇಳಿ ನನ್ನ ಮರ್ಯಾದೆ ತೆಗೆಯಬೇಡ, ಒಂದು ದಿನ ತಡಿ ಎಂದ. "ಅಷ್ಟೂ ನಂಬಿಕೆ ಇಲ್ವೇನೇ ನನ್ನ ಮೇಲೆ?"

ಅವಳು ಒಪ್ಪಿಕೊಂಡಳು. ಹೊರಗೆ ಬಂದ ಮೇಲೆ ನಾನು ಬೈದೆ. "ಅವನೇ ಹೇಳ್ಲಿ. ಹೇಳಿದ್ರೆ ನನಗೆ ಅಣ್ಣ ಅಂತ ಒಬ್ಬ ಉಳೀತಾನೆ" ಎಂದಳು.

ಮರುದಿನ ನಾವು ಕೆಲಸಕ್ಕೆ ಹೋದಾಗ ಮಾರುಕಟ್ಟೆಯ ಅಧಿಕಾರಿ ಕರೆಸಿಕೊಂಡರು. ದೊಡ್ಡಣ್ಣ ಆಗಲೇ ಅಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ತಂಗಿಯ ಕಡೆ ನೋಡಲಿಲ್ಲ. ಹೇಳುವುದನ್ನೆಲ್ಲ ಅವನು ಹೇಳಿ ಮುಗಿಸಿದ್ದ. ಅಧಿಕಾರಿ ಅದನ್ನೇ ಮತ್ತೆ ಹೇಳಿದರು: ತಂಗಿ ಕೇಳಿದ ಮಾಂಸವನ್ನೆಲ್ಲ ಅಣ್ಣ ಕೊಟ್ಟಿದ್ದಾನೆ, ಮುದಿ ಹಸುವಿನದನ್ನು ಮುದಿ ಹಸುವಿನದೆಂದೇ ಹೇಳಿ ಕೊಟ್ಟಿದ್ದಾನೆ, ಅವಳು ಯಾವುದಕ್ಕೆ ಯಾವ ಚೀಟಿ ಅಂಟಿಸಿದಳೋ ಅವನಿಗೆ ತಿಳಿಯದು.

"ಅಣ್ಣಾ" ಎಂದಳು ಅವಳು.

ಅವನು ಅಧಿಕಾರಿಯ ಕಡೆಗೇ ತಿರುಗಿ, "ಚಿಕ್ಕವಳು ಸಾರ್. ಏನೋ ಗೊತ್ತಾಗದೆ ಮಾಡಿರ್ತಾಳೆ. ದೊಡ್ಡದು ಮಾಡ್ಬೇಡಿ" ಎಂದ. ಆ ದನಿಯಲ್ಲಿ ಎಷ್ಟು ಮಮತೆಯಿತ್ತೆಂದರೆ, ನಿಜ ಗೊತ್ತಿಲ್ಲದಿದ್ದರೆ ನಾನೂ ನಂಬಿಬಿಡುತ್ತಿದ್ದೆ.

ನಾನು ಕೇಳಿದ್ದನ್ನೆಲ್ಲ ಹೇಳಿದೆ. ಗೆಳತಿಯ ಪರವಾಗಿ ಹೇಳುತ್ತೀಯ ಎಂದು ಅಧಿಕಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಚಾರಣೆ ಮುಗಿಯುವವರೆಗೆ ಅವಳು ಕೆಲಸಕ್ಕೆ ಬರಕೂಡದೆಂದರು. ಅವಳು ಕೋಟು ಬಿಚ್ಚಿ ಗೂಟಕ್ಕೆ ತೂಗುಹಾಕಿ ಹೋದಳು. ಮಾರುಕಟ್ಟೆಯ ನಡುವೆ ನಡೆದುಹೋಗುವಾಗ ಅಕ್ಕಾ ಎಂದು ಯಾರೂ ಕರೆಯಲಿಲ್ಲ.

ಸಂಜೆಯ ಹೊತ್ತು ನಾನು ಅವಳ ಮನೆಗೆ ಹೋಗುತ್ತಿದ್ದೆ. ಒಂಟಿ ಹೆಂಗಸಿನ ಎರಡು ಕೋಣೆಯ ಮನೆ. ಪಾತ್ರೆ ತೊಳೆದು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಒಂದು ದಿನ ನಾನಿದ್ದಾಗಲೇ ಅವಳ ಅತ್ತಿಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು.

"ನೀನೇ ಒಪ್ಕೊಂಡುಬಿಡಮ್ಮ" ಎಂದಳು ಕೊನೆಗೆ. "ನೀನು ಓದಿದವಳು, ಎಲ್ಲಾದ್ರೂ ಬೇರೆ ಕೆಲಸ ಸಿಗುತ್ತೆ. ಅವರಿಗೆ ಅಂಗಡಿ ಬಿಟ್ರೆ ಏನಿದೆ?"

"ಅತ್ತಿಗೆ, ನೀವಾಗೇ ಬಂದ್ರಾ, ಅವನು ಕಳಿಸಿದ್ನಾ?"

ಅತ್ತಿಗೆ ತಲೆ ತಗ್ಗಿಸಿದಳು. "ಅವರೇ" ಎಂದಳು.

"ಕಾಫಿ ಕುಡಿದು ಹೋಗಿ" ಎಂದು ಬೆಳಕಿನಕ್ಕ ಒಳಗೆ ಹೋದಳು. ಕಾಫಿ ಮಾಡಿ ತಂದೂ ಕೊಟ್ಟಳು.

ಗಂಟು ಬಿಚ್ಚಿದವರು ಮೇಡಂ. ಸುದ್ದಿ ತಿಳಿದು ಓಡಿಬಂದರು. ಆ ಸಣ್ಣ ದನಿಯ ಹೆಂಗಸಿಗೆ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಚೀಟಿ ಯಾರು ಅಂಟಿಸಿದ್ರು ಅನ್ನೋದನ್ನ ಆಮೇಲೆ ನೋಡೋಣ. ಈಗ, ಈ ಕ್ಷಣ, ಆ ಮನುಷ್ಯನ ಶೀತಲ ಕೋಣೆ ತೆಗೆಸಿ" ಎಂದು ಅಧಿಕಾರಿಯ ಮುಂದೆ ಪಟ್ಟು ಹಿಡಿದರು. ತೆಗೆಸಿದರು. ಕೊಕ್ಕೆಗಳಿಗೆ ಸಾಲಾಗಿ ಅರ್ಧರ್ಧ ದನಗಳು ತೂಗುತ್ತಿದ್ದವು, ಒಂದೊಂದರ ಮೇಲೂ ನನ್ನ ಕೈಯಾರೆ ಹಾಕಿದ ಹಸಿರು ಸೀಲು. ಎಳೆಯ ದನದ ಬೆನ್ನುಮೂಳೆಯ ತುದಿಗಳಲ್ಲಿ ಮೆದು ಎಲುಬು ಇರುತ್ತದೆ, ವಯಸ್ಸಾದಂತೆ ಅದು ಗಟ್ಟಿಯಾಗುತ್ತದೆ. ಮೇಡಂ ಅಧಿಕಾರಿಯ ಬೆರಳನ್ನೇ ಹಿಡಿದು ಒತ್ತಿಸಿದರು. ಕಲ್ಲಿನಂತಿತ್ತು.

"ಚೀಟಿ ತಂಗಿ ಬದಲಾಯಿಸಿದ್ಳು ಅಂತಾನೇ ಇಟ್ಕೊಳ್ಳಿ" ಎಂದರು ಮೇಡಂ. "ಈ ಮುದಿ ಹಸುಗಳನ್ನ ತಂದು, ಎಳೆ ಹೋರಿ ಅಂತ ನೇತುಹಾಕಿ ಮಾರ್ತಿರೋರು ಯಾರು?"

ಜಗಳ ಬಿಡಿಸುವುದರಲ್ಲಿ ಎತ್ತಿದ ಕೈಯಾದ ದೊಡ್ಡಣ್ಣನಿಗೆ ಆ ದಿನ ಮಾತು ಹೊರಡಲಿಲ್ಲ.

ಅವನ ಅಂಗಡಿಗೆ ಬೀಗ ಬಿತ್ತು. ಸಂಘದ ಮುಖಂಡತನವೂ ಹೋಯಿತು. ಅವಳನ್ನು ಕೆಲಸಕ್ಕೆ ವಾಪಸು ಕರೆದರು, ಆದರೆ ಮಾದರಿಯನ್ನು ಪರೀಕ್ಷಿಸದೆ ನಂಬಿದ್ದು ತಪ್ಪೆಂದು ಎಚ್ಚರಿಕೆ ಕೊಟ್ಟು. ಮೇಡಂ ಅದೇ ತಪ್ಪು ತಮ್ಮದೂ ಎಂದು ಅಧಿಕಾರಿಗೆ ಹೇಳಿದರಂತೆ. ಯಂತ್ರ ಕಲಿತದ್ದನ್ನೆಲ್ಲ ಅಳಿಸಿ ಹಾಕಿದರು. ಮತ್ತೆ ಮೊದಲಿಂದ ಶುರು.

ಎಳೆ ಹೋರಿಗೆ ಈಗ ಬೆಟ್ಟದವನ ಬಳಿಗೇ ಹೋಗಬೇಕಿತ್ತು. ಕರಿಹಲಗೆಯಿಂದ ಅವನ ಹೆಸರನ್ನು ಅಳಿಸಿ ಕಟ್ಟೆಯನ್ನು ವಾಪಸು ಕೊಟ್ಟಿದ್ದರು. ಗಿರಾಕಿಗಳು ಮಾತ್ರ ವಾಪಸು ಬಂದಿರಲಿಲ್ಲ. ಅವಳು ಅವನ ಅಂಗಳದಲ್ಲಿ ಕೈಮುಗಿದು ನಿಂತಳು.

"ನನಗೂ ಮೋಸ ಆಯ್ತು. ಅಣ್ಣ ಅಂತ ನಂಬಿಬಿಟ್ಟೆ" ಎಂದಳು.

ಅವನು ಸ್ವಲ್ಪ ಹೊತ್ತು ಬೇಲಿಯ ಕಲ್ಲೊಂದನ್ನು ಸರಿಪಡಿಸುತ್ತ ಇದ್ದ. "ನಿಮ್ಮಣ್ಣ ಮೋಸ ಮಾಡಿದ್ದು ನಿಮಗೆ. ನನ್ನ ಮಾಂಸ ನೋಡಿ ಸುಳ್ಳು ಅಂದಿದ್ದು ನೀವು" ಎಂದ.

ಅವನು ಉತ್ತರಕ್ಕೆ ಕಾಯಲಿಲ್ಲ. ಯಾವ ಹೋರಿ ಬೇಕೋ ಆರಿಸಿಕೊಳ್ಳಿ ಎಂದು ಗೇಟು ತೆಗೆದ. ಯಂತ್ರ ನೆಟ್ಟಗಾದರೆ ಅವನಿಗೂ ಒಳ್ಳೆಯದೇ. ಅಷ್ಟರಮಟ್ಟಿಗೆ ಮಾತು, ಅದರಾಚೆಗಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಇಷ್ಟೆಲ್ಲ ನಡೆದರೂ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವರ್ಷ ದೊಡ್ಡಣ್ಣನ ಅಂಗಡಿ ಮತ್ತೆ ತೆರೆಯಿತು. ಬೇರೆ ಅಂಗಡಿಯವರು ಆಳುಗಳ ಕೈಯಲ್ಲಿ ಮಾದರಿ ಕಳಿಸುತ್ತಾರೆ. ಅವನು ಮೊದಲ ದಿನ ತಾನೇ ತಟ್ಟೆ ಹಿಡಿದು ಬಂದ. ಇಳಿದುಹೋಗಿದ್ದ, ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟು, "ಎಳೆ ಹೋರಿ" ಎಂದ.

ಅವಳು ಚಾಕುವಿನಿಂದ ಅಡ್ಡಲಾಗಿ ಕುಯ್ದಳು. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಬೆಳಕು ಹಾಯಿಸಿದಳು. ಪರದೆಯಲ್ಲಿ ಹಸಿರು ಬಂತು. ಅವಳು ತುಂಡನ್ನು ತಿರುಗಿಸಿಟ್ಟು ಮತ್ತೆ ಹಾಯಿಸಿದಳು. ಹಸಿರು. ಇನ್ನೊಂದು ತುಂಡು ಕುಯ್ದು ಮತ್ತೊಮ್ಮೆ.

"ಸರಿ ಬಂತಲ್ಲ" ಎಂದ ಅವನು, ಅಂಗಲಾಚುವ ದನಿಯಲ್ಲಿ.

"ಬಂತು" ಎಂದಳು. ನನ್ನ ಕಡೆ ತಟ್ಟೆ ತಳ್ಳಿದಳು. ನಾನು ಸೀಲು ಹಾಕಿದೆ.

ಅವನು ಹೋಗಲಿಲ್ಲ. "ಮನೆ ಕಡೆ ಬಾ. ಅತ್ತಿಗೆ ನಿನ್ನ ಕೇಳ್ತಿರ್ತಾಳೆ" ಎಂದ.

ಅವಳು ಅವನ ಹಿಂದೆ ನಿಂತಿದ್ದವರ ಕಡೆ ನೋಡಿ, "ಮುಂದಿನವರು ಬನ್ನಿ" ಎಂದಳು. ಅವನು ಪಕ್ಕಕ್ಕೆ ಸರಿದು, ಒಂದು ಕ್ಷಣ ನಿಂತು, ಹೊರಗೆ ನಡೆದ.

ಆ ದಿನ ಊಟದ ಹೊತ್ತಿಗೆ ಅವಳು ಬುತ್ತಿಯ ಮುಚ್ಚಳ ತೆಗೆದು ಹಾಗೇ ಕೂತಿದ್ದಳು. "ಮಾಂಸ ಸರಿಯಾಗೇ ಇತ್ತು" ಎಂದಳು. "ಸರಿಯಾಗಿದೆ ಅಂತ ಗೊತ್ತಾದ್ಮೇಲೂ ನಂಬೋಕೆ ಆಗ್ತಿಲ್ಲ ಕಣೇ. ಏನು ಮಾಡ್ಲಿ?"

ಊಟ ಮಾಡು ಎಂದೆ. ಅವಳು ಒಂದೆರಡು ತುತ್ತು ತಿಂದಳು. ಹೊರಗೆ ಕೈಗಾಡಿಗಳು ಸಾಲುಗಟ್ಟಿ ನಿಂತಿದ್ದವು.